ಚಿತ್ತಾಪುರದ ಸಮುದ್ರ: ಹಸಿರು ಹವಳ

"ಮೇನ್ ಸ್ವಿಚ್ ಆರಿಸಿದಿರೇನ್ರಿ, ಅಕ್ಕಾರ?"

"ಆರಿಸೀನ್ರಿ ಮೇಡಂ. ಹಾಕ್ರಿ ಕೈ."

ಆದರೂ ಪಿಎಸ್‌ಐ ಪೂನಮ್ ಒಂದು ಗಳಿಗೆ ತಡೆದಳು. ಇದೇ ನೀರಿಗೆ ಕೈ ಹಾಕಿದ ಮನುಷ್ಯ ಹೋದ ವಾರ ಇದೇ ಕಲ್ಲುಹಾಸಿನ ಮೇಲೆ ಬಿದ್ದು ಪ್ರಾಣ ಬಿಟ್ಟಿದ್ದರು. ತೋಳು ಮೇಲಕ್ಕೆ ಮಡಚಿ, ಉಸಿರು ಬಿಗಿಹಿಡಿದು, ಮೊಣಕೈವರೆಗೆ ಕೈ ಇಳಿಸಿದಳು. ಕೇಸರಿ ಮೈಯ ಮೇಲೆ ಬಿಳಿ ಪಟ್ಟೆಯಿದ್ದ ಎರಡು ಪುಟ್ಟ ಮೀನುಗಳು ಬೆದರಿ ಕಲ್ಲಿನ ಸಂದಿಗೆ ಸರಿದವು.

ಅಂದಿನಿಂದ ಪ್ಲಗ್ ಕಿತ್ತು ಹಿಂಬದಿಯ ಗಾಜಿಗೇ ಬಿಟ್ಟಿದ್ದ ಹೀಟರನ್ನು ಮೆಲ್ಲಗೆ ಬಿಡಿಸಿ ಮೇಲೆತ್ತಿದಳು. ಗೇಣುದ್ದದ ಗಾಜಿನ ಕೊಳವೆ. ಬುಡದಲ್ಲಿ ಕೂದಲೆಳೆಯಷ್ಟು ಸೀಳು. ಆ ಸೀಳಿನೊಳಗೆ ನೀರು ಇಳಿದು, ಒಳಗಿನ ತಂತಿ ಕರ್ರಗಾಗಿತ್ತು.

ಉಪ್ಪುನೀರು, ಸೀಳಿದ ಗಾಜು, ಒದ್ದೆ ನೆಲ. ಯಾರು ನೋಡಿದರೂ ಆಕಸ್ಮಿಕ ಎನ್ನುವಂಥ ಸಾವು. ಹಾಗೆಂದೇ ಎಲ್ಲರೂ ಎಂದುಕೊಂಡಿದ್ದರು, ಸತ್ತ ಜಯತೀರ್ಥ ಮಾಸ್ತರರ ಹೆಂಡತಿ ಶ್ರೀವಾಣಿ ಒಬ್ಬರೇ ಠಾಣೆಗೆ ನಡೆದು ಬಂದು, "ಇನ್ನೊಮ್ಮೆ ನೋಡ್ರಿ" ಎನ್ನುವವರೆಗೆ.

ಪೂನಮ್ ಹೀಟರನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿದಳು. ಶ್ರೀವಾಣಿ ಮೇನ್ ಹಾಕಿದರು. ಪಂಪು ಗುಟುಕು ನುಂಗಿದ ಸದ್ದು ಮಾಡಿ ಮತ್ತೆ ನೀರು ತಿರುಗಿಸತೊಡಗಿತು.

ಚಿತ್ತಾಪುರದ ಆ ಮನೆಯ ಪಡಸಾಲೆಯಲ್ಲಿ, ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಒಂದು ಟ್ರಂಕಿನಷ್ಟು ದೊಡ್ಡ ಗಾಜಿನ ತೊಟ್ಟಿ. ಅದರೊಳಗೆ ಸಮುದ್ರ. ಪೂನಮ್ ಹುಟ್ಟಿದ್ದು ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಲ್ಲಿ. ಸಮುದ್ರವನ್ನು ಅವಳು ಎಂದೂ ಕಣ್ಣಾರೆ ಕಂಡಿರಲಿಲ್ಲ. ನೀರೊಳಗೆ ಅಂಗಿಯ ಗುಂಡಿಯಷ್ಟು ಚಿಕ್ಕ ಹವಳದ ಹೂಗಳು ಒಲೆದಾಡುವುದನ್ನು ನೋಡುತ್ತ ಅವಳಿಗೆ ತಾನು ಬಂದ ಕೆಲಸವೇ ಮರೆತುಹೋಯಿತು.

"ಇದನ್ನೆಲ್ಲ ಮಾಸ್ತರರು ಮಾಡಿದ್ದೇನ್ರಿ?"

"ಪಮ್ಮಿ ಮಾಡಿದ್ದು," ಎಂದರು ಶ್ರೀವಾಣಿ. "ಅವರು ಕೈ ಜೋಡಿಸ್ಯಾರ ಅಷ್ಟೇ."

ಪಮ್ಮಿ ಎಂದರೆ ಪ್ರಮಿತಾ. ಒಬ್ಬಳೇ ಮಗಳು. ಬಿಎಸ್ಸಿ ಓದುತ್ತಿದ್ದವಳು. ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ವಾಡಿಯಿಂದ ಬರುವ ರಸ್ತೆಯಲ್ಲಿ, ಯಾವುದೋ ಗಾಡಿ ಬಡಿದು ಸತ್ತಳು. ಬಡಿದ ಗಾಡಿ ಸಿಗಲಿಲ್ಲ. ಸಿಮೆಂಟ್ ಲಾರಿಗಳು ಓಡಾಡುವ ರಸ್ತೆ. ಲಾರಿಯೇ ಇರಬೇಕೆಂದು ಎಲ್ಲರೂ ತಿಳಿದರು.

ಶ್ರೀವಾಣಿ ಅಡುಗೆಮನೆಗೆ ಹೋಗಿ, ಫ್ರಿಜ್ಜಿನಲ್ಲಿ ಗಡ್ಡೆಗಟ್ಟಿಸಿದ್ದ ನೀರಿನ ಬಾಟಲಿ ತಂದು ತೊಟ್ಟಿಯಲ್ಲಿ ತೇಲಿಬಿಟ್ಟರು. ಕರಗಿದ ಹಳೆಯ ಬಾಟಲಿ ತೆಗೆದು ಸೆರಗಿನಿಂದ ಒರೆಸಿದರು.

"ಸಮುದ್ರದ ಮೀನು ಸಾಕೋದು ದೊಡ್ಡವರ ಶೋಕಿ, ನಮ್ಮಂಥವರ ಕೈಲೆ ಆಗೂದಲ್ಲ ಅಂತ ಅವರು ಅಂದ್ರು. ಆಕಿ ಕೇಳಬೇಕಲ್ಲ? ಮುಚ್ಚಿಹೋದ ಮಿಠಾಯಿ ಅಂಗಡಿ ಕಪಾಟಿನ ಗಾಜು ತಂದ್ಳು. ಕೊಯ್ಸಿ, ಗಮ್ ಹಚ್ಚಿ, ನೀರು ತುಂಬಿದ್ರ ಒಂದು ಮೂಲಿ ಸೋರಿ ಪಡಸಾಲಿ ತುಂಬ ನೀರು. ಅಪ್ಪ ಮಗಳು ಇಬ್ಬರೂ ಕುಂತು ಬಳದ್ರು, ನಕ್ಕೋತ."

ನಕ್ಕೋತ ಎನ್ನುವಾಗ ಅವರು ಗಾಜಿನ ಆ ಮೂಲೆಯ ಮೇಲೆ ಬೆರಳಾಡಿಸಿದರು.

"ಏರ್‌ಕೂಲರಿನ ಪಂಪು. ಹಳೇ ಕಂಪ್ಯೂಟರಿನ ಫ್ಯಾನು. ನೀರು ನಮ್ಮ ಬೋರಿಂದು ನಡಿಯೂದಿಲ್ಲಂತ, ಭಾಳ ಗಡಸು. ಫಿಲ್ಟರ್ ನೀರಿನ ಕ್ಯಾನ್ ಹೊತ್ತು ತರೋರು. ಉಪ್ಪು ಹೈದರಾಬಾದಿಂದ ರೈಲಿನ್ಯಾಗ ಬರ್ತಿತ್ತು. ಕಲ್ಲು ಮಾತ್ರ ನಮ್ಮ ಶಹಾಬಾದಿಂದು. ಖಣಿ ಬಲ್ಲಿ ಬಿಸಾಕಿದ್ದ ಚೂರು. ಈ ಕಲ್ಲು ಹುಟ್ಟಿದ್ದೇ ಸಮುದ್ರದಾಗ ಅಮ್ಮಾ, ನಾವು ವಾಪಸ್ ಕಳಸ್ಲಿಕತ್ತೀವಿ ಅಂತಿದ್ಳು."

"ಮೀನು ಯಾವಾಗ ಬಂದ್ವು?"

"ಭಾಳ ದಿನ ಬರೀ ನೀರೇ ಇತ್ತು. ಬಂದವರೆಲ್ಲ ನಗೋರು, ಮೀನಿಲ್ಲದ ತೊಟ್ಟಿ ಅಂತ. ಕಣ್ಣಿಗೆ ಕಾಣದ ಜೀವ ಮೊದಲು ನೆಲಿ ನಿಲ್ಲಬೇಕಂತ, ಆಮ್ಯಾಲ ಮೀನಂತ. ಭಾಳ ತಾಳ್ಮಿ ಆಕಿಗಿ."

ಫ್ಯಾನು ನೀರಿನ ಮೇಲೆ ಗಾಳಿ ಬೀಸುತ್ತಿತ್ತು. ಬಾಟಲಿ ತೇಲಿ ಗಾಜಿಗೆ ತಾಗಿ ಟಕ್ ಎಂದಿತು. ಕಿಟಕಿಯಾಚೆ ಮೇ ತಿಂಗಳ ಬಿಸಿಲು ಬಿಳಿಯಾಗಿ ಉರಿಯುತ್ತಿತ್ತು.

ಪೂನಮ್ ಬಾಟಲಿಯನ್ನೇ ದಿಟ್ಟಿಸಿದಳು. ಆಮೇಲೆ ತನ್ನ ಕೈಯಲ್ಲಿದ್ದ ಚೀಲವನ್ನು.

"ಅಕ್ಕಾರ, ಬಾಟ್ಲಿ ಎಷ್ಟು ಸಲ ಬದಲಸ್ತೀರಿ?"

"ಹಗಲೆಲ್ಲ. ಇಲ್ಲಂದ್ರ ನೀರು ಕಾದು ಹವಳ ಸಾಯ್ತಾವ."

"ಮಾಸ್ತರರು ಇದ್ದಾಗೂ?"

"ಅವರೇ ಬದಲಸ್ತಿದ್ರು."

"ನೀರು ತಂಪು ಮಾಡ್ಲಾಕ ಇಷ್ಟು ಒದ್ದಾಡೋ ಮನ್ಯಾಗ, ಈ ಬ್ಯಾಸಗ್ಯಾಗ, ಹೀಟರ್ ಯಾಕ ಇತ್ರಿ?"

ಶ್ರೀವಾಣಿ ಒದ್ದೆ ಕೈಗಳನ್ನು ಸೆರಗಿಗೆ ಒತ್ತಿ ಹಿಡಿದು ನಿಂತರು.

ಹೀಟರ್ ಚಳಿಗಾಲದ್ದು ಎಂದರು ಕೊನೆಗೆ. ಬೇಸಗೆ ಬಂದ ಮೇಲೆ ತೆಗೆದು ಸ್ಟ್ಯಾಂಡಿನ ಕೆಳಗಿನ ಡಬ್ಬಿಯಲ್ಲಿ ಇಟ್ಟಿದ್ದರಂತೆ. ಅಂದರೆ ಅದನ್ನು ಯಾರೋ ಹುಡುಕಿ ತೆಗೆದು, ನೀರಿಗೆ ಇಳಿಸಿ, ಸ್ವಿಚ್ ಹಾಕಿದ್ದಾರೆ. ಮೀನಿಗಾಗಿ ಹಾಕಿದ್ದಂತೂ ಅಲ್ಲ.

ಪೂನಮ್ ಗೋಡೆಯತ್ತ ತಿರುಗಿದಳು. ಅಲ್ಲಿ ಮರದ ಮಣೆಯೊಂದು ಒರಗಿತ್ತು. ತೊಟ್ಟಿಗೆ ಕೈ ಹಾಕುವಾಗೆಲ್ಲ ಮಾಸ್ತರರು ಸ್ವಿಚ್ ಆರಿಸಿ, ಆ ಮಣೆಯ ಮೇಲೆ ನಿಲ್ಲುತ್ತಿದ್ದರೆಂದು ಶ್ರೀವಾಣಿಯೇ ಠಾಣೆಯಲ್ಲಿ ಹೇಳಿದ್ದರು. ಅವರು ಸತ್ತ ದಿನ ತೆಗೆದ ಫೋಟೋದಲ್ಲೂ ಮಣೆ ಹೀಗೆಯೇ ಗೋಡೆಗೆ ಒರಗಿತ್ತು. ಸ್ವಿಚ್ಚೂ ಆರಿಸಿರಲಿಲ್ಲ.

ವಿಜ್ಞಾನ ಕಲಿಸುವ ಮನುಷ್ಯ, ಇಷ್ಟು ಜಾಗ್ರತೆಯವರು, ಬರಿಗಾಲಲ್ಲಿ ಓಡಿಬಂದು ನೀರಿಗೆ ಕೈ ಹಾಕಿದ್ದಾರೆ. ಅಂಥ ಅವಸರ ಏನಿತ್ತು?

"ಹೀಟರ್ ಯಾರು ಹಾಕ್ಯಾರ ಅನಸ್ತದ ನಿಮಗ?"

"ಅದನ್ನ ನೀವು ಹುಡುಕ್ರಿ ಮೇಡಂ," ಎಂದರು ಶ್ರೀವಾಣಿ. ದನಿ ಮೆಲ್ಲಗಿತ್ತು. "ಹುಡುಕಲಿ ಅಂತಲೇ ಠಾಣೆಗಿ ಬಂದಿದ್ದೆ."

ಪೂನಮ್ ಹೊರಡಲೆಂದು ತಿರುಗುವಾಗ, ತೊಟ್ಟಿಯ ಬಲ ಮೂಲೆಯಲ್ಲಿ ಒಂದು ಹವಳ ಕಣ್ಣಿಗೆ ಬಿತ್ತು. ಉಳಿದವೆಲ್ಲ ಕಂದು, ನಸುಗೆಂಪು. ಇದೊಂದು ಎಳೆಯ ಜೋಳದ ಪೈರಿನ ಹಸಿರು. ಅಂಗೈಯಷ್ಟಾಗಿ ಅರಳಿತ್ತು.

"ಇದು ಭಾಳ ಛಂದ ಅದ."

"ಅದು ನನ್ನ ತಮ್ಮ ವಿಠ್ಠಲ ತಂದದ್ದು. ಪಮ್ಮಿ ಆರ್ಡರ್ ಕೊಟ್ಟಿದ್ಳಂತ, ವಾಡಿ ಮಾಶಾಬಿ ಬಲ್ಲಿ. ಆಕಿ ಹೋದ ಮ್ಯಾಲ ತಂದು ಇಟ್ಟ." ಶ್ರೀವಾಣಿ ಗಾಜಿಗೆ ಬೆರಳು ತಾಗಿಸಿದರು. "ಆಕಿ ನೋಡಲೇ ಇಲ್ಲ ಇದನ್ನ."

*

ವಾಡಿ ಜಂಕ್ಷನ್ನಿನ ಹೊರಗೆ, ಚಹಾದಂಗಡಿಗಳ ಸಾಲಿನ ಕೊನೆಗೆ, ಮಾಶಾಬಿಯ ಮೀನಿನ ಅಂಗಡಿ. ಬಾಗಿಲಲ್ಲಿ ಗಾಜಿನ ಬಾಟಲಿಗಳಲ್ಲಿ ಒಂದೊಂದೇ ಫೈಟರ್ ಮೀನು, ಒಳಗೆ ಗೋಲ್ಡ್‌ಫಿಶ್. ಮಾಶಾಬಿಗೆ ಅರವತ್ತರ ಆಸುಪಾಸು. ಪ್ರಮಿತಾಳ ಹೆಸರು ಕಿವಿಗೆ ಬಿದ್ದದ್ದೇ ಮೀನು ಹಿಡಿಯುವ ಜಾಳಿಗೆಯನ್ನು ಕೆಳಗಿಟ್ಟಳು.

"ಕುಂದ್ರಿ ಮೇಡಂ. ಆ ಬೇಟಿದು ಏನು ಕೇಳ್ತೀರಿ. ವಾರಕ್ಕೊಮ್ಮಿ ಬರೋದು. ಹೈದರಾಬಾದಿಂದ ನಮ್ಮ ಮಾಲು ಬರ್ತದಲ್ಲ, ಅದರ ಸಂಗಾಟ ಆಕಿ ಉಪ್ಪು, ಆಕಿ ಮೀನು ತರಸ್ತಿದ್ದೆ. ಸಮುದ್ರದ ಮೀನು ಇಲ್ಲಿ ಯಾರೂ ತೊಗೊಳ್ಳಂಗಿಲ್ಲ. ಆಕಿ ಒಬ್ಬಾಕಿನೇ."

"ಹಸಿರು ಹವಳ ಒಂದು ಆರ್ಡರ್ ಕೊಟ್ಟಿದ್ಳಂತ."

"ಹಾಂ, ಹಾಂ. ಪೂರಾ ತೊಗೊಂಡ್ರ ಭಾಳ ತುಟ್ಟಿ ಅಂತ, ಯಾರೋ ಮನ್ಯಾಗ ಬೆಳಸಿದ್ದು ಮುರದು ಕೊಟ್ಟ ಸಣ್ಣ ಚೂರು. ಇಷ್ಟೇ ಇತ್ತು." ಮಾಶಾಬಿ ಹೆಬ್ಬೆರಳ ಉಗುರು ತೋರಿಸಿದಳು. "ನಾನೇ ಬೆಳಸ್ತೀನಿ ಚಾಚಿ ಅಂದ್ಳು."

"ಅದನ್ನ ವಿಠ್ಠಲ್ ಅವರ ಕೈಗಿ ಯಾವಾಗ ಕೊಟ್ಟಿ?"

ಮಾಶಾಬಿಯ ಹುಬ್ಬುಗಳು ಕೂಡಿದವು.

"ವಿಠ್ಠಲ್ ಯಾರ್ರಿ? ನಾ ಯಾರಿಗೂ ಕೊಟ್ಟಿಲ್ಲ. ಆಕಿ ಕೈಗೇ ಕೊಟ್ಟೀನಿ."

ಪೂನಮ್ ಕುಳಿತಲ್ಲೇ ನೆಟ್ಟಗಾದಳು. "ಯಾವಾಗ ಚಾಚಿ?"

"ಅದೇ ಸಂಜಿ." ಮಾಶಾಬಿ ದುಪ್ಪಟ್ಟಾದಿಂದ ಕಣ್ಣೊತ್ತಿಕೊಂಡಳು. "ಥರ್ಮಾಕೋಲ್ ಡಬ್ಬಿ ಸ್ಕೂಟಿ ಮುಂದ ಇಟ್ಕೊಂಡು ಹೋದ್ಳು. ಹಗ್ಗ ಕಟ್ಟಿಕೊಡ್ತೀನಿ ನಿಲ್ಲು ಅಂದ್ರ, ಲೇಟಾಗ್ತದ ಚಾಚಿ, ಒಳಗ ಜೀವ ಅದ ಅಂದ್ಳು. ಒಂದು ತಾಸು ಆಗಿಲ್ಲ, ಸುದ್ದಿ ಬಂತು."

ಹೊರಗೆ ಯಾವುದೋ ಗೂಡ್ಸ್ ರೈಲು ಹಾಯ್ದು ಬಾಟಲಿಗಳೊಳಗಿನ ನೀರು ಅದುರಿತು.

"ಈ ಮಾತು ಮತ್ತ ಯಾರಿಗಾದ್ರೂ ಹೇಳಿದ್ದೇನು?"

"ಮಾಸ್ತರಿಗಿ ಹೇಳ್ದೆ. ಉಪ್ಪು ತೊಗೊಳ್ಳಾಕ ಬಂದಿದ್ರು. ಹಸಿರು ಹವಳ ಅಂಗೈಯಷ್ಟು ಆಗ್ಯಾದ ಮಾಶಾಬಿ ಅಂದ್ರು. ಯಾ ಅಲ್ಲಾ, ಬೇಟಿ ಜೋಡಿ ಅದೂ ಹೋಯ್ತು ಅಂತ ನಾ ತಿಳ್ಕೊಂಡಿದ್ದೆ, ಅವತ್ತು ಸಂಜಿ ಆಕಿ ಕೈಗೇ ಕೊಟ್ಟಿದ್ದೆ ಅಂದೆ." ಮಾಶಾಬಿ ತಡೆದಳು. "ಮಾಸ್ತರು ಒಮ್ಮೆಲೇ ಎದ್ರು. ಉಪ್ಪು ಇಲ್ಲೇ ಬಿಟ್ಟು ಹೋದ್ರು. ನೋಡ್ರಿ, ಅಲ್ಲೇ ಅದ ಇನ್ನೂ. ಮರುದಿನಾನೇ ಅವರೂ..."

ಮೂಲೆಯಲ್ಲಿ ಉಪ್ಪಿನ ಚೀಲ ಬಾಯಿ ಹೊಲಿದಂತೆಯೇ ನಿಂತಿತ್ತು.

*

ಸೇಡಂ ಮುಟ್ಟುವ ಹೊತ್ತಿಗೆ ಊಟದ ವೇಳೆ. ವಿಠ್ಠಲ್ ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಇನ್ನೂ ನಲವತ್ತು ತುಂಬದವನು, ಕಿವಿಯ ಮೇಲೆ ಆಗಲೇ ನರೆ. ಕಚೇರಿಯ ಹಿಂದಿನ ಬೇವಿನ ಮರದ ಕೆಳಗೆ, ಕಲ್ಲುಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಕುಳಿತಿದ್ದ. ಪೂನಮ್‌ಳ ಖಾಕಿ ಕಂಡದ್ದೇ ಎದ್ದು ನಿಂತ.

"ಕುಂದ್ರಿ. ಊಟ ಮಾಡ್ರಿ."

"ಇಲ್ರಿ ಮೇಡಂ, ಆಯ್ತು." ರೊಟ್ಟಿ ಮುರಿದೂ ಇರಲಿಲ್ಲ. ಕುಳಿತು ಡಬ್ಬಿ ಮುಚ್ಚಿದ.

"ಹಸಿರು ಹವಳ ಎಲ್ಲಿಂದ ತಂದ್ರಿ ವಿಠ್ಠಲ್?"

ಅವನು ಬೇರೇನನ್ನೋ ಕೇಳುತ್ತಾಳೆಂದು ಕಾದಿದ್ದವನಂತೆ ಕಣ್ಣು ಬಡಿದ.

"ವಾಡಿಯಿಂದ. ಮಾಶಾಬಿ ಅಂಗಡಿಯಿಂದ."

"ಮಾಶಾಬಿಗಿ ನಿಮ್ಮ ಹೆಸರೇ ಗೊತ್ತಿಲ್ಲ. ಹವಳ ಆಕಿ ಪ್ರಮಿತಾ ಕೈಗಿ ಕೊಟ್ಟಾಳ, ಪ್ರಮಿತಾ ಸತ್ತ ಸಂಜಿ."

ವಿಠ್ಠಲ್ ಡಬ್ಬಿಯ ಮುಚ್ಚಳವನ್ನು ಒತ್ತಿದ. ಮುಚ್ಚಿದ್ದ ಮುಚ್ಚಳವನ್ನೇ ಮತ್ತೆ ಮತ್ತೆ ಒತ್ತಿದ.

"ಫೈಲ್ ನೋಡೀನಿ. ಆಕಿ ಸ್ಕೂಟಿ ಸ್ಟ್ಯಾಂಡ್ ಮ್ಯಾಲ ನಿಂತಿತ್ತು," ಎಂದಳು ಪೂನಮ್. "ಒಂದು ಗೆರಿ ಬಿದ್ದಿದ್ದಿಲ್ಲ. ಡಬ್ಬಿ ಜಾರಲಾಕತ್ತದಂತ ಇಳಿದು, ರಸ್ತೆ ಬದಿಗಿ ನಿಂತು ಸರಿ ಮಾಡ್ಕೋಲಾಕತ್ತಾಳ. ಆಗ ಹಿಂದಿಂದ ಗಾಡಿ ತಾಕ್ಯಾದ. ಡಬ್ಬಿ ಅಲ್ಲಿ ಸಿಗಲಿಲ್ಲ. ಮಾಶಾಬಿ ಬಿಟ್ರ, ಡಬ್ಬಿ ಇತ್ತು ಅಂತಲೇ ಯಾರಿಗೂ ಗೊತ್ತಿದ್ದಿಲ್ಲ. ಗೊತ್ತಿದ್ದವ ಅದನ್ನ ಎತ್ಕೊಂಡು ಹೋದಾವ ಒಬ್ಬನೇ."

"ಮೇಡಂ..."

"ನಿಮ್ಮ ಕಾರು ಎಲ್ಲದ?"

"ಮಾರೀನ್ರಿ."

"ಯಾವಾಗ?"

"ಶಿವರಾತ್ರಿ ಹಿಂದ ಮುಂದ."

"ನೀವೇ ಬಡದಿದ್ದೇನು?"

"ಹೌದು," ಎಂದ ವಿಠ್ಠಲ್. "ನಾನೇ. ನಾನೇ ಓಡಸ್ಲಿಕತ್ತಿದ್ದೆ. ನನ್ನ ಕೈಲೇ ಆಯ್ತು. ನನ್ನ ಕರ್ಕೊಂಡು ನಡ್ರಿ ಮೇಡಂ."

ತಪ್ಪೊಪ್ಪಿಕೊಳ್ಳುವವರನ್ನು ಪೂನಮ್ ಸಾಕಷ್ಟು ನೋಡಿದ್ದಳು. ಮೊದಲು ಇಲ್ಲ ಎನ್ನುತ್ತಾರೆ, ಆಣೆ ಹಾಕುತ್ತಾರೆ, ಅಳುತ್ತಾರೆ. ಈತ ಮಾತ್ರ ಬಾಗಿಲು ತೆರೆದುಕೊಂಡಿತೆಂದು ಹೊರಗೆ ನುಗ್ಗಿದವನ ಹಾಗೆ ಒಪ್ಪಿಕೊಂಡಿದ್ದ.

"ಹ್ಯಾಂಗ ಆಯ್ತು, ಹೇಳ್ರಿ."

"ಕತ್ತಲಾಗ್ಲಿಕ್ಕೆ ಬಂದಿತ್ತು. ಎದುರಿಗಿ ಲಾರಿ. ಅದರ ಲೈಟು, ಧೂಳು, ಏನೂ ಕಾಣಲಿಲ್ಲ. ಗಾಡಿ ಎಡಕ್ಕ ಸರೀತು. ಧಡ್ ಅಂತು. ನನ್ನ ಬಾಜೂ ಕನ್ನಡಿ ಮುರದು ಒಳಗ ಬಂತು, ಚೂರು ತೊಡಿ ಮ್ಯಾಲ ಬಿದ್ವು..."

"ಯಾವ ಬಾಜೂ?"

"ಎಡಗಡಿದು."

ಬೇವಿನ ಮರದಲ್ಲಿ ಅಳಿಲೊಂದು ಕಿರುಗುಟ್ಟಿತು. ಪೂನಮ್‌ಳ ದನಿ ಇಳಿಯಿತು.

"ಗಾಡಿ ಓಡಸಾವ ಬಲಕ್ಕ ಕುಂದರ್ತಾನ ವಿಠ್ಠಲ್. ಎಡಗಡಿ ಕನ್ನಡಿ ಚೂರು ನಿಮ್ಮ ತೊಡಿ ಮ್ಯಾಲ ಹ್ಯಾಂಗ ಬಿದ್ವು?"

ವಿಠ್ಠಲ್ ಬೆಂಚಿನಿಂದ ಜಾರಿ ಮರದ ಬುಡದಲ್ಲಿ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಯಾರು ಓಡಸ್ಲಾಕತ್ತಿದ್ರು?"

"ಆಕಿಗಿ ಹೇಳಬ್ಯಾಡ್ರಿ," ಎಂದ ಅವನು, ಕೈಯೊಳಗಿಂದಲೇ. "ನಿಮ್ಮ ಕಾಲು ಬೀಳ್ತೀನಿ ಮೇಡಂ. ಅಕ್ಕಗ ಹೇಳಬ್ಯಾಡ್ರಿ."

ಪೂನಮ್‌ಗೆ ಮೈಮೇಲಿನ ಬಿಸಿಲೆಲ್ಲ ಒಮ್ಮೆಗೇ ಆರಿದಂತಾಯಿತು.

"ಶ್ರೀವಾಣಿ ಅಕ್ಕಾರ?"

ವಿಠ್ಠಲ್ ಹೌದೆಂದು ತಲೆಯಾಡಿಸಿದ.

ಭಾನುವಾರಗಳಲ್ಲಿ ಅವನು ಸೇಡಂನಿಂದ ಅಕ್ಕನ ಮನೆಗೆ ಹೋಗುತ್ತಿದ್ದ. ಅಕ್ಕ ಕಾರು ಕಲಿಯುತ್ತೇನೆಂದು ಹಟ ಹಿಡಿದಿದ್ದಳು. ಭಾವನಿಗೆ ಗಾಡಿ ಓಡಿಸಲು ಬಾರದು. ಪಮ್ಮಿಯ ಪರೀಕ್ಷೆ ಮುಗಿದ ಮೇಲೆ ತಾನೇ ಓಡಿಸಿಕೊಂಡು ಅವಳಿಗೆ ಸಮುದ್ರ ತೋರಿಸಿಕೊಂಡು ಬರಬೇಕು, ಅದು ಅಕ್ಕನ ಆಸೆ. ಮಗಳಿಗೆ ಹೇಳಿರಲಿಲ್ಲ. ಕಲಿತ ಮೇಲೆ ಹೇಳೋಣ ಅಂತ.

"ಅವತ್ತು ವಾಡಿ ಕಡೆ ಹೋಗಿ ಹೊಳ್ಳಿ ಬರ್ಲಿಕತ್ತಿದ್ವಿ. ಧಡ್ ಅಂದ ಕೂಡ್ಲೆ ಅಕ್ಕ ಏನದು ವಿಠ್ಠಲಾ ಅಂದ್ಳು. ನಾ ನೋಡಿದ್ದೆ. ಹಳದಿ ಓಢಣಿ. ಆಕಿ ಕಾಲೇಜಿಗಿ ಹಾಕ್ಕೊಂಡು ಹೋಗ್ತಿದ್ದದ್ದು. ನಾಯಿ ಅಕ್ಕಾ, ನಾಯಿ, ನಿಲ್ಲಸಬ್ಯಾಡ ಅಂದೆ."

ಅವನು ಮುಂಗೈಯಿಂದ ಮೂಗು ಒರೆಸಿಕೊಂಡ.

"ಪಾಪ, ನಾಯಿಗಿ ಭಾಳ ಪೆಟ್ಟಾಯ್ತೇನೋ ಅಂತ ಮನಿ ಮುಟ್ಟೋತನ ಕೇಳಿದ್ಳು ಮೇಡಂ."

"ಆಮ್ಯಾಲ ನೀವು ಹೊಳ್ಳಿ ಹೋದ್ರಿ."

"ಅಕ್ಕನ್ನ ಬಿಟ್ಟು ಓಡಿದೆ. ಸ್ಕೂಟಿ ನಿಂತಿತ್ತು. ಆಕಿ ಜಾಲಿ ಕಂಟಿ ಬಲ್ಲಿ ಬಿದ್ದಿದ್ಳು. ಡಬ್ಬಿ ಎದಿಗಿ ಅವುಚಿಕೊಂಡಿದ್ಳು."

"ಉಸುರಿತ್ತೇನು?"

ವಿಠ್ಠಲ್ ನೆಲ ನೋಡಿದ.

"ವಿಠ್ಠಲ್, ನೀವು ಹೋದಾಗ ಆಕಿಗಿ ಉಸುರಿತ್ತೇನು?"

ಪೂನಮ್ ಮೂರನೆಯ ಸಲ ಕೇಳಲಿಲ್ಲ. ಕೇಳುವ ದಿನ ಬರುತ್ತದೆ, ನ್ಯಾಯಾಧೀಶರ ಮುಂದೆ. ಈಗ ಅವಳಿಗೆ ಬೇಕಿದ್ದದ್ದು ಇನ್ನೊಂದು ಸಾವಿನ ಲೆಕ್ಕ.

"ಭಾವಾಗ ಎಂದು ಹೇಳಿದ್ರಿ?"

"ಅವರೇ ಕೇಳಿದ್ರು. ಮಾಶಾಬಿ ಹಿಂಗ ಅಂದ್ಳು, ಹವಳ ನಿನ್ನ ಕೈಗಿ ಹ್ಯಾಂಗ ಬಂತು ವಿಠ್ಠಲಾ ಅಂತ ಫೋನ್ ಮಾಡಿದ್ರು. ಸಿಟ್ಟಿನ್ಯಾಗ ಕೇಳಿದ್ರ ನಾ ಸುಳ್ಳು ಹೇಳ್ತಿದ್ದೆ ಮೇಡಂ. ಅವರು ಮೆಲ್ಲಕ ಕೇಳಿದ್ರು. ಮರುದಿನ ಮುಂಜಾನಿ ಹೋಗಿ ಎಲ್ಲಾ ಹೇಳ್ದೆ."

"ಏನಂದ್ರು?"

"ಏನೂ ಅನಲಿಲ್ಲ. ಒಳಗ ಹೋಗಿ ನನಗ ಕುಡೀಲಿಕ್ಕೆ ನೀರು ತಂದು ಕೊಟ್ರು. ಶ್ರೀವಾಣಿಗಿ ಇದು ಗೊತ್ತಾಗಬಾರದು, ಗೊತ್ತಾದ್ರ ಆಕಿ ಉಳಿಯೂದಿಲ್ಲ ಅಂದ್ರು. ತೊಟ್ಟಿ ಬಲ್ಲಿ ನಿಂತು ಬಾಟ್ಲಿ ಬದಲಿಸಿದ್ರು. ನಾ ಸೇಡಂಗಿ ಬಂದೆ. ಸಂಜಿ ಒಳಗ ಫೋನ್ ಬಂತು."

"ಹೀಟರ್ ಹಾಕಿದಾವ ನೀನಲ್ಲಂದ್ರ ಮತ್ತ್ಯಾರು?" ಪೂನಮ್‌ಳ ಬಾಯಲ್ಲಿ ನೀವು ಹೋಗಿ ನೀನು ಬಂದಿತ್ತು.

"ಭಾವಾನೇ ಹಾಕ್ಕೊಂಡಾರ ಅಂತ ನಾ ತಿಳ್ಕೊಂಡೀನಿ. ನನ್ನ ಮಾತು ಕೇಳಿ, ಜೀವ ಬ್ಯಾಡಾಗಿ... ಅದಕ್ಕೇ ಬಾಯಿ ಮುಚ್ಚಿಕೊಂಡು ಕುಂತೆ."

ಪೂನಮ್ ಅಲ್ಲವೆಂದು ತಲೆಯಲ್ಲಾಡಿಸಿದಳು. ಹೆಂಡತಿ ಉಳಿಯಬೇಕೆಂದು ಅಷ್ಟು ದೊಡ್ಡ ಗುಟ್ಟನ್ನು ನುಂಗಿದ ಮನುಷ್ಯ, ಅದೇ ಮಧ್ಯಾಹ್ನ ಅವಳನ್ನು ಒಂಟಿಯಾಗಿ ಬಿಟ್ಟು ಹೋಗುತ್ತಾನೆಯೇ? ಅಷ್ಟಕ್ಕೂ, ತಾನಾಗಿಯೇ ಸಾಯಹೊರಟವನು ಓಡುತ್ತ ಬರುವುದಿಲ್ಲ.

"ನೀವಿಬ್ಬರೂ ಎಲ್ಲಿ ಕುಂತು ಮಾತಾಡಿದ್ರಿ?"

"ಪಡಸಾಲ್ಯಾಗ."

"ಅಕ್ಕಾರ ಎಲ್ಲಿದ್ರು?"

"ಮಠಕ್ಕ ಹೋಗಿದ್ಳು. ದಿನಾ ಆ ಹೊತ್ತಿಗಿ ಮಠಕ್ಕ ಹೋಗ್ತಾಳ."

"ನೀ ಹೊರಡೋ ತನ ಬಂದಿದ್ದಿಲ್ಲ?"

"ಇಲ್ಲ. ಅಂದ್ರ..." ವಿಠ್ಠಲ್ ತಡೆದ. ಅವನ ಕಣ್ಣು ಪೂನಮ್‌ಳ ಕಣ್ಣಿಗೆ ಸಿಕ್ಕಿತು. "ಬಾಗಲ ಬಲ್ಲಿ ಆಕಿ ಚಪ್ಪಲಿ ಇದ್ವು. ನಾ ಹೊರಗ ಬರೋ ಮುಂದ. ಬರಿಗಾಲಿಲೆ ಹೋಗಿರಬೇಕು ಅಂದ್ಕೊಂಡೆ."

ಮೇ ತಿಂಗಳ ಚಿತ್ತಾಪುರದಲ್ಲಿ, ಆ ಬಿಸಿಲಲ್ಲಿ, ಬರಿಗಾಲಲ್ಲಿ.

ಇಬ್ಬರೂ ಒಟ್ಟಿಗೇ ಅದನ್ನು ಅರ್ಥಮಾಡಿಕೊಂಡರು. ವಿಠ್ಠಲ್‌ನ ಮುಖದ ಬಣ್ಣ ಇಳಿಯಿತು.

ಪೂನಮ್ ಶ್ರೀವಾಣಿಯ ನಂಬರಿಗೆ ಕರೆ ಮಾಡಲೆಂದು ಫೋನ್ ತೆಗೆದಳು. ಅದು ಅವಳ ಕೈಯಲ್ಲೇ ರಿಂಗಾಯಿತು. ಶ್ರೀವಾಣಿಯೇ.

"ಮೇಡಂ, ಸೇಡಂನಾಗ ಇದ್ದೀರೇನು?"

"ಹೌದ್ರಿ ಅಕ್ಕಾರ. ನೀವು ಎಲ್ಲಿದ್ದೀರಿ?"

"ವಿಠ್ಠಲಗ ಏನೂ ಮಾಡಬ್ಯಾಡ್ರಿ. ಅಂವ ಅಲ್ಲ." ದನಿ ಶಾಂತವಾಗಿತ್ತು, ಮನೆಗೆಲಸವೆಲ್ಲ ಮುಗಿಸಿ ಕುಳಿತವರ ದನಿ. "ಅವತ್ತು ಮಠದಾಗ ಭಾಳ ಹೊತ್ತು ಕುಂದರ್ಲಿಕ್ಕೆ ಆಗಲಿಲ್ಲ. ಲಗೂನ ಬಂದೆ. ಬಾಗಲದಾಗ ಚಪ್ಪಲಿ ಬಿಟ್ಟು ನಿಂತು ಎಲ್ಲಾ ಕೇಳ್ದೆ, ಅಂವ ಎದ್ದಾಗ ಹಿತ್ತಲಿಗಿ ಸರದೆ."

"ಅಕ್ಕಾರ, ಒಂದು ನಿಮಿಷ. ಮನ್ಯಾಗ ಇದ್ದೀರೇನು? ನಾ ಬರ್ತೀನಿ. ಕುಂತು ಮಾತಾಡೂಣು."

"ಹೀಟರ್ ಸೀಳ್ಯಾದ ಅಂತ ಗೊತ್ತಿದ್ದೇ ನಾನೇ ಹಾಕಿದ್ದೆ. ಅವರಿಗಲ್ರಿ. ನನಗ."

ಪೂನಮ್ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಅವರು ಮಲಗ್ಯಾರ ಅಂತ ತಿಳಿದು ಹಾಕಿದ್ದೆ. ದೇವರ ಮುಂದ ಒಂದು ದೀಪ ಹಚ್ಚಿ ಬರೂಣಂತ ಒಳಗ ಹೋದೆ. ಅಷ್ಟ್ರಾಗ ಎದ್ದು ಬಂದ್ರು. ನೀರಾಗ ಹೀಟರ್ ನೋಡಿದ್ದೇ ತಡ, ಶ್ರೀವಾಣಿ ಅಂತ ಕೂಗ್ಕೋತ ಅದನ್ನ ತೆಗೀಲಿಕ್ಕೆ ಓಡಿದ್ರು. ಅವರು ಕೂಗಿದ್ದು ಕೇಳಸ್ತು ಮೇಡಂ. ನಾ ಓ ಅನ್ನಲಿಲ್ಲ. ಓ ಅಂದಿದ್ರ ನಿಲ್ತಿದ್ರು."

"ಅಕ್ಕಾರ..."

"ಎಷ್ಟು ಮಂದಿ ಮಾತಾಡಸ್ಲಿಕ್ಕೆ ಬಂದ್ರು. ಬ್ಯಾಸಗ್ಯಾಗ ಹೀಟರ್ ಯಾಕ ಅಂತ ಯಾರಾದ್ರೂ ಒಬ್ಬರು ಕೇಳ್ತಾರ ಅಂತ ಕಾಯ್ದೆ. ಯಾರೂ ಕೇಳಲಿಲ್ಲ. ನಾನಾಗೇ ಹೇಳಲಿಕ್ಕೆ ಬಾಯಿ ಬರಲಿಲ್ಲ. ಅದಕ್ಕ ನಿಮ್ಮ ಬಲ್ಲಿ ಬಂದೆ. ನೀವು ಕೇಳಿದ್ರಿ."

ಆ ಕಡೆ ಯಾರೋ ಚಹಾ ಮಾರುತ್ತಿದ್ದ ಕೂಗು. ಆಮೇಲೆ ಗಂಟೆ ಬಾರಿಸಿದಂತೆ ಮೂರು ಸ್ವರ, ಹಿಂದಿಯಲ್ಲಿ ಏನೋ ಘೋಷಣೆ. ಗದ್ದಲದಲ್ಲಿ ಮಾತು ಬಿಡಿಸಲಾಗಲಿಲ್ಲ. ಯಾವುದೋ ರೈಲ್ವೆ ನಿಲ್ದಾಣ.

"ವಿಠ್ಠಲ ಬಾಜೂಕ ಅದಾನೇನು? ಫೋನ್ ಕೊಡ್ರಿ."

ಪೂನಮ್ ಸ್ಪೀಕರ್ ಒತ್ತಿ ಫೋನನ್ನು ಅವನ ಮುಂದೆ ಹಿಡಿದಳು. ಇನ್ನೊಂದು ಕೈಯಿಂದ, ಮಾತಾಡು, ಮಾತಾಡುತ್ತಿರು ಎಂದು ಸನ್ನೆ ಮಾಡಿದಳು. ವಿಠ್ಠಲ್‌ಗೆ "ಅಕ್ಕಾ" ಎನ್ನುವುದಷ್ಟೇ ಸಾಧ್ಯವಾಯಿತು.

"ಊಟ ಮಾಡಿದ್ಯಾ, ವಿಠ್ಠಲಾ?"

ಅವನು ಮುಚ್ಚಿದ ಡಬ್ಬಿಯತ್ತ ನೋಡಿದ. "ಅಕ್ಕಾ, ಎಲ್ಲಿದ್ದೀ? ಎಲ್ಲಿದ್ದೀ ಹೇಳು ಮೊದಲ..."

ಕರೆ ಕಡಿದುಹೋಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಪೂನಮ್ ಜೀಪಿನತ್ತ ಓಡುತ್ತಲೇ ರೈಲ್ವೆ ಪೊಲೀಸರಿಗೆ ಕರೆ ಮಾಡಿದಳು. ಹೆಸರು ಹೇಳಿದಳು, ವಯಸ್ಸು ಹೇಳಿದಳು, ಮುಂಜಾನೆ ನೋಡಿದ ಸೀರೆಯ ಬಣ್ಣ ಹೇಳಿದಳು. ವಿಠ್ಠಲ್ ಹಿಂದೆ ಎಡವುತ್ತ ಬರುತ್ತಿದ್ದ.

"ಯಾವ ಸ್ಟೇಷನ್ ಮೇಡಂ?" ಎಂದು ಆ ಕಡೆಯ ದನಿ ಕೇಳಿತು. "ಚಿತ್ತಾಪುರವೋ, ವಾಡಿಯೋ, ಶಹಾಬಾದೋ?"

ಪೂನಮ್ ಜೀಪಿನ ಬಾಗಿಲು ಹಿಡಿದು ನಿಂತಳು. ವಿಠ್ಠಲ್‌ನತ್ತ ನೋಡಿದಳು. ಅವನಿಗೂ ಗೊತ್ತಿರಲಿಲ್ಲ.